ಟೆರೇಸ್ ಕೀ ಮತ್ತು ನನ್ನ 204 ಚದರಡಿ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಓವರ್‌ಹೆಡ್ ಟ್ಯಾಂಕಿನ ಪೈಪು ಜಾಯಿಂಟಿನಲ್ಲಿ ಬಿಟ್ಟುಕೊಂಡು ನೀರು ಮೆಟ್ಟಿಲ ಮೇಲೆ ಇಳಿಯತೊಡಗಿತು. ಗೇಟ್ ವಾಲ್ವ್ ಇರುವುದು ಟೆರೇಸಿನಲ್ಲಿ, ಟೆರೇಸಿನ ಕೀ ಇರುವುದು ಮೇಲಿನ ಮಹಡಿಯವರ ಹತ್ತಿರ, ಅವರು ಇದ್ದದ್ದು ಧರ್ಮಸ್ಥಳದಲ್ಲಿ. ಟ್ಯಾಂಕು ಪೂರ್ತಿ ಖಾಲಿಯಾಗುವವರೆಗೆ ಬಕೆಟ್ ಹಿಡಿದು ನಿಂತೆವು. ವಾಪಸ್ ಬಂದವರು ತಣ್ಣಗೆ ಹೇಳಿದ್ದು, "ಟೆರೇಸ್ ರೈಟ್ಸ್ ನಮ್ಮ ಸೇಲ್ ಡೀಡ್‌ನಲ್ಲೇ ಇದೆ ಸಾರ್." ಆ ಸಿಟ್ಟಿನಲ್ಲಿ ಓದಲು ಕೂತೆ, ಎಲ್‌ಎಲ್‌ಬಿ ಪೇಪರಿಗೂ ಆಯಿತು ಅಂತ.

ನೋಡಬೇಕಾದ ಕಾಯ್ದೆ ಎರಡು. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ, 1972. ಆಮೇಲೆ ಕೇಂದ್ರದ ರೇರಾ, 2016, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ. ಮೊದಲನೆಯದು ತಾನಾಗಿ ಅನ್ವಯಿಸುವುದಿಲ್ಲ. ಮಾಲೀಕರು ಡಿಕ್ಲರೇಷನ್, ಅಂದರೆ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾಪತ್ರ, ಬರೆದು ರಿಜಿಸ್ಟರ್ ಮಾಡಿಸಿದ ಕಟ್ಟಡಕ್ಕೆ ಮಾತ್ರ. ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ ರಿಜಿಸ್ಟರ್ ಆಗಿದ್ದರೆ ಡಿಕ್ಲರೇಷನ್ ಕೂಡ ಆಗಿದೆ ಎಂದು ತಿಳಿಯಬೇಡಿ, ಅದೇ ಬೇರೆ, ಇದೇ ಬೇರೆ.

ಈ ಮೊದಲ ಕಾಯ್ದೆಯ 3ನೇ ಸೆಕ್ಷನ್ ಸಾಮಾನ್ಯ ಜಾಗಗಳ ಪಟ್ಟಿ ಕೊಡುತ್ತದೆ: ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ, ಮೆಟ್ಟಿಲು, ಹೀಗೆ. ಚಾವಣಿ ಅಲ್ಲೇ ಇದೆ. ಆದರೆ ಪಟ್ಟಿಗೆ ಮೊದಲೇ ಒಂದು ಷರತ್ತು ಕೂತಿದೆ, ಡಿಕ್ಲರೇಷನ್‌ನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಎಂದು. ಅಡಿಗೆರೆ ಎಳೆದುಕೊಳ್ಳಿ.

ಇನ್ನು ನಾನು ಮುಗ್ಗರಿಸಿದ ಜಾಗ. ನನ್ನ ಕ್ರಯಪತ್ರದ ಬಿ ಶೆಡ್ಯೂಲ್‌ನಲ್ಲಿ ಶೇ 8.5 ಅವಿಭಾಜ್ಯ ಪಾಲು ಎಂದಿದೆ, ಎಲ್ಲರೂ ಯುಡಿಎಸ್ (ಅನ್‌ಡಿವೈಡೆಡ್ ಶೇರ್) ಅನ್ನುತ್ತಾರಲ್ಲ, ಅದೇ. ಟೆರೇಸ್ ಸುಮಾರು 2,400 ಚದರಡಿ. ಗುಣಿಸಿದೆ, 204 ಬಂತು. "ನನ್ನದು 204 ಚದರಡಿ" ಎಂದು ನೋಟ್ಸಿನಲ್ಲಿ ಬರೆದೂಬಿಟ್ಟೆ. ಆಮೇಲೆ ಹೊಳೆಯಿತು, ಯಾವ 204? ಟ್ಯಾಂಕಿನ ಕೆಳಗಿನದೋ, ಸೋಲಾರ್ ಪ್ಯಾನೆಲ್ ಪಕ್ಕದ್ದೋ, ಬಟ್ಟೆ ಒಣಗುವ ಬಿಸಿಲಿನ ಕಡೆಯದೋ? ಎರಡು ದಿನ ಇದರಲ್ಲೇ ಒದ್ದಾಡಿದೆ.

ಬಿಡಿಸಿಕೊಂಡದ್ದು ಊರಿನ ಬಾವಿಯಿಂದ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಜಮೀನು ತುಂಡಾಗುತ್ತದೆ, ತೋಟದ ಬಾವಿ ಮಾತ್ರ ಜಂಟಿ ಎಂದು ವಿಭಾಗಪತ್ರದಲ್ಲಿ ಬರೆಯುತ್ತಾರೆ. ನಾಲ್ವರಿಗೆ ಕಾಲು ಕಾಲು ಪಾಲು ಅಂದಮಾತ್ರಕ್ಕೆ ಬಾವಿಯೊಳಗೆ ಗೋಡೆ ಕಟ್ಟಿ ನಾಲ್ಕು ಮಾಡಲಾಗುವುದಿಲ್ಲ. ಬಾವಿಯ ಪ್ರತಿ ಕೊಡ ನೀರಿನಲ್ಲೂ ನಾಲ್ವರ ಪಾಲಿದೆ. ಹೂಳು ತೆಗೆಸುವಾಗ ಖರ್ಚು ಪಾಲಿನಂತೆ. ಟೆರೇಸೂ ಹಾಗೇ. 6ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಜಾಗವನ್ನು ಭಾಗ ಮಾಡುವಂತಿಲ್ಲ, ಪಾಲನ್ನು ಫ್ಲ್ಯಾಟಿನಿಂದ ಬೇರ್ಪಡಿಸುವಂತಿಲ್ಲ. ಪಾಲನ್ನು ಲೆಕ್ಕ ಹಾಕುವುದು ಫ್ಲ್ಯಾಟಿನ ಬೆಲೆ ಆಧರಿಸಿ. ಬಳಕೆಗೆ ಆ ಶೇಕಡಾವಾರು ಲೆಕ್ಕವೇ ಇಲ್ಲ: ಆ ಜಾಗ ಯಾವ ಉದ್ದೇಶಕ್ಕಿದೆಯೋ ಅದಕ್ಕೆ, ಇನ್ನೊಬ್ಬರಿಗೆ ಅಡ್ಡಿಯಾಗದಂತೆ, ಎಲ್ಲರೂ ಬಳಸಬಹುದು. ಮೂರು ಬೆಡ್‌ರೂಮಿನವರಿಗೆ ಬಟ್ಟೆ ಒಣಗಿಸಲು ಹೆಚ್ಚು ಹಗ್ಗವೇನೂ ಇಲ್ಲ.

ಹಾಗಾದರೆ ಆ ಶೇ 8.5 ಯಾತಕ್ಕೆ ಬೇಕು? ದುಡ್ಡಿಗೆ. 10ನೇ ಸೆಕ್ಷನ್: ಸಾಮಾನ್ಯ ಖರ್ಚೂ ಲಾಭವೂ ಪಾಲಿನಂತೆ. ವಾಟರ್‌ಪ್ರೂಫಿಂಗ್‌ಗೆ 1,20,000 ರೂಪಾಯಿ ಆದರೆ ನನ್ನ ಜೇಬಿನಿಂದ 10,200. ಮೊಬೈಲ್ ಟವರ್ ಬಾಡಿಗೆ ಬಂದರೆ ಅದೂ ಇದೇ ಅಳತೆಯಲ್ಲಿ. ನೆಲಮಹಡಿಯವರು "ಸೋರುವುದು ನಮ್ಮ ಮನೆಯಲ್ಲ" ಎನ್ನುವಂತಿಲ್ಲ.

ಈಗ ಮೇಲಿನ ಮಹಡಿಯವರ ವಾದ. ಕೆಲವು ಫ್ಲ್ಯಾಟುಗಳಿಗಷ್ಟೇ ಮೀಸಲಾದ ಸಾಮಾನ್ಯ ಜಾಗ ಎಂಬ ವರ್ಗವೂ ಕಾಯ್ದೆಯಲ್ಲಿದೆ. ಆದರೆ ಅದನ್ನು ಡಿಕ್ಲರೇಷನ್ನೇ ಹೇಳಬೇಕು. ಡಿಕ್ಲರೇಷನ್‌ನಲ್ಲಿ ಟೆರೇಸ್ ಎಲ್ಲರದು ಎಂದಿದ್ದು, ಅದರಂತೆ ಪಾಲು ಹಂಚಿ ಮಾರಿಯಾದ ಮೇಲೆ, ಕೊನೆಯ ಫ್ಲ್ಯಾಟಿನ ಸೇಲ್ ಡೀಡ್‌ನಲ್ಲಿ ಬಿಲ್ಡರ್ ಒಂದು ಸಾಲು ತೂರಿಸಿದರೆ ನಡೆಯದು. ತನ್ನ ಹತ್ತಿರ ಇಲ್ಲದ್ದನ್ನು ಮಾರುವುದು ಹೇಗೆ? ಇನ್ನು ನಿಜಕ್ಕೂ ಮೀಸಲು ಇದ್ದರೂ ಅಲ್ಲಿ ರೂಮು ಎಬ್ಬಿಸಲು 8ನೇ ಸೆಕ್ಷನ್ ಅಡ್ಡ ಬರುತ್ತದೆ: ಉಳಿದ ಮಾಲೀಕರೆಲ್ಲರ ಒಪ್ಪಿಗೆ ಮೊದಲೇ ಬೇಕು.

"ಎಲ್ಲರ" ಎಂಬಲ್ಲಿ ನಾನು ಕ್ಲಾಸ್ ಟೆಸ್ಟಿನಲ್ಲಿ ಮೂರನೇ ಎರಡು ಎಂದು ಬರೆದು ಮಾರ್ಕು ಕಳೆದುಕೊಂಡೆ. ಮೂರನೇ ಎರಡು ಇರುವುದು ರೇರಾದ 14ನೇ ಸೆಕ್ಷನ್‌ನಲ್ಲಿ, ಪ್ಲ್ಯಾನನ್ನೋ ಸಾಮಾನ್ಯ ಜಾಗವನ್ನೋ ಬದಲಿಸಹೊರಟ ಬಿಲ್ಡರಿಗೆ. ಅಲ್ಲಿನ ವಿವರಣೆ ಚೆನ್ನಾಗಿದೆ: ಒಬ್ಬರೇ ಐದು ಫ್ಲ್ಯಾಟ್ ಬುಕ್ ಮಾಡಿದ್ದರೂ, ಮನೆಯವರ ಹೆಸರಿನಲ್ಲಿ ಮಾಡಿದ್ದರೂ, ಲೆಕ್ಕಕ್ಕೆ ಒಬ್ಬರೇ. 8ನೇ ಸೆಕ್ಷನ್ ಕಟ್ಟಿಹಾಕುವುದು ಫ್ಲ್ಯಾಟ್ ಮಾಲೀಕರನ್ನು. ಬಿಲ್ಡರ್ ಅಂದರೆ ಮೂರನೇ ಎರಡು, ಪಕ್ಕದ ಮನೆಯವರು ಅಂದರೆ ಎಲ್ಲರೂ. ನಾನು ಹೀಗೆ ಬಾಯಿಪಾಠ ಮಾಡಿದ್ದೇನೆ.

ರೇರಾದಲ್ಲಿ "ಟೆರೇಸ್" ಎರಡು ಕಡೆ ಬಂದು ಗೊಂದಲ ಮಾಡುತ್ತದೆ. ಸಾಮಾನ್ಯ ಜಾಗದ ಪಟ್ಟಿಯಲ್ಲಿ ಒಂದು, ಕಾರ್ಪೆಟ್ ಏರಿಯಾಕ್ಕೆ (ಫ್ಲ್ಯಾಟಿನೊಳಗೆ ನಿಜವಾಗಿ ಬಳಸಬಹುದಾದ ನೆಲ) ಸೇರದ, ಒಬ್ಬರದೇ ಬಳಕೆಯ ತೆರೆದ ಟೆರೇಸ್ ಇನ್ನೊಂದು. ನನ್ನ ಅಂದಾಜಿನ ಉಪಾಯ: ಬಾಗಿಲು ಫ್ಲ್ಯಾಟಿನ ಒಳಗಿಂದ ತೆರೆದರೆ ಎರಡನೆಯದು, ಮೆಟ್ಟಿಲ ಹೆಡ್‌ರೂಮಿನಿಂದ ತೆರೆದರೆ ಮೊದಲನೆಯದು. ಖಾತ್ರಿ ಬೇಕಿದ್ದರೆ ಕ್ರಯಪತ್ರದಲ್ಲಿ ಫ್ಲ್ಯಾಟಿನ ವಿವರ ಇರುವ ಸಿ ಶೆಡ್ಯೂಲ್‌ನ ಚಕ್ಕುಬಂದಿ ಓದಿ.

ಕೀ ವಿಷಯಕ್ಕೆ ಉತ್ತರ 6ನೇ ಸೆಕ್ಷನ್‌ನಲ್ಲೇ ಸಿಕ್ಕಿತು. ಸಾಮಾನ್ಯ ಜಾಗದ ರಿಪೇರಿಗೆ ಬೇಕಾದರೆ ಫ್ಲ್ಯಾಟಿನ ಒಳಗೂ ಹಾದುಹೋಗುವ ಹಕ್ಕು ಅಸೋಸಿಯೇಷನ್‌ಗಿದೆ, ಅದನ್ನು ಯಾರೂ ರದ್ದು ಮಾಡುವಂತಿಲ್ಲ. ಫ್ಲ್ಯಾಟಿಗೇ ಹೀಗಾದರೆ ಮೆಟ್ಟಿಲ ಕೊನೆಯ ಬೀಗದ ಮಾತೇನು? ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಮ್ಮ ಡಿಕ್ಲರೇಷನ್‌ನ ನಕಲು ತೆಗೆಸಿದೆ. ಟೆರೇಸ್ ಸಾಮಾನ್ಯ ಪಟ್ಟಿಯಲ್ಲಿತ್ತು, ಮೀಸಲು ಎಂಬ ಕಾಲಂ ಖಾಲಿ. ಮೇಲಿನ ಮಹಡಿಯವರು ಆ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಬಿಲ್ಡರ್ ನಮಗೂ ಟೋಪಿ ಹಾಕಿದ ಅನ್ನಿ" ಎಂದರು. ಈಗ ಇನ್ನೊಂದು ಕೀ ಮೀಟರ್ ಬೋರ್ಡ್ ಪಕ್ಕದ ಮೊಳೆಗೆ ನೇತಾಡುತ್ತಿದೆ.