ಹನ್ನೆರಡ್ ನಾಕ್ಲ ನಲವತ್ತೆಂಟು

ಈಚೆಗೆ ನನ್ನ ಹತ್ತಿರ ಸಲಹೆಗೆ ಬರುವ ಕಾರ್ಖಾನೆ ಮಾಲೀಕರಲ್ಲಿ ಹಲವರದು ಒಂದೇ ಮಾತು. "ಸಾರ್, ನಾವೂ ವಾರಕ್ಕೆ ನಾಲ್ಕೇ ದಿನ ಮಾಡ್ಬಿಡೋಣ ಅಂತಿದೀವಿ. ಹುಡುಗರಿಗೆ ಮೂರು ದಿನ ರಜಾ ಸಿಗತ್ತೆ. ಪೇಪರ್ ರೆಡಿ ಮಾಡಿಕೊಡಿ." ದಿನಕ್ಕೆ ಎಷ್ಟು ಗಂಟೆ ಎಂದು ಕೇಳುತ್ತೇನೆ. "ಹನ್ನೆರಡು ಸಾರ್" ಎನ್ನುತ್ತಾರೆ. ನನಗೆ ರೇಗುವುದು ಅಲ್ಲೇ.

ಎಂಟಾರ್ಲ ನಲವತ್ತೆಂಟು. ಹನ್ನೆರಡ್ ನಾಕ್ಲ ನಲವತ್ತೆಂಟು. ಕೆಲಸದ ವಾರ ಒಂದು ನಿಮಿಷವೂ ಕಡಿಮೆಯಾಗಲಿಲ್ಲ. ಆರು ದಿನಕ್ಕೆ ಹಂಚಿದ್ದನ್ನು ನಾಲ್ಕು ದಿನಕ್ಕೆ ತುರುಕಿದ್ದೀರಿ, ಅಷ್ಟೇ. ಅದಕ್ಕೆ ಕಾನೂನಿನಲ್ಲಿ ದಾರಿ ಇರಬಹುದು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ಮಿತಿಯನ್ನು 12 ಗಂಟೆವರೆಗೆ ಸಡಿಲಿಸಿತು. ವಾರದ ಮಿತಿಯನ್ನು 48ಕ್ಕೇ ಬಿಟ್ಟಿತು. ಈಗ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳೂ ಬಂದಿವೆ. ಹಾಗಾಗಿ ನಿಮ್ಮ ಘಟಕಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಕಾಗದಪತ್ರ ನೋಡದೆ ನಾನು ಹೇಳಲಾರೆ. ಆದರೆ ಇದನ್ನು ಕೆಲಸದ ವಾರ ಇಳಿಸುವುದು ಎಂದು ಮಾತ್ರ ಕರೆಯಬೇಡಿ.

ಇನ್ನೊಂದು ವಿಷಯವಿದೆ. ಮೊದಲೆಲ್ಲ ದಿನಕ್ಕೆ ಒಂಬತ್ತು ಗಂಟೆ ದಾಟಿದರೆ ಡಬಲ್ ಓಟಿ, ಅಂದರೆ ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಸಂಬಳ, ಕೊಡಬೇಕಿತ್ತು. ಹನ್ನೆರಡು ಗಂಟೆಯ ಪಾಳಿಯಲ್ಲಿ ಆ ಹೆಚ್ಚುವರಿ ಗಂಟೆಗಳ ಬಹುಪಾಲು ಮಾಮೂಲಿ ಗಂಟೆಯಾಗಿಬಿಡುತ್ತದೆ. ಕಾರ್ಮಿಕರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಾಲೀಕರಿಗೆ ಮಾತ್ರ ನಾನು ಮೂರು ಸಲ ಬಿಡಿಸಿ ಹೇಳಬೇಕು.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಇಂಥ ಪಾಳಿ ಹಾಕಿದ್ದರು. ಬೆಳಿಗ್ಗೆ ಏಳರಿಂದ ಸಂಜೆ ಏಳೂವರೆ, ಮಧ್ಯೆ ಅರ್ಧ ಗಂಟೆ ಊಟ. ತಪಾಸಣೆ ವಿಭಾಗದ ಒಬ್ಬ ಹೆಣ್ಣುಮಗಳು ನೆಲಮಂಗಲದ ಕಡೆಯಿಂದ ಬರುತ್ತಿದ್ದಳು. "ಮಗು ಏಳೋ ಮುಂಚೆ ಹೊರಡ್ತೀನಿ ಸಾರ್, ಮಲಗಿದ ಮೇಲೆ ಹೋಗ್ತೀನಿ. ಮೂರು ದಿನ ರಜಾ ಅಂತಾರೆ. ಮೊದಲನೇ ದಿನ ಪೂರ್ತಿ ಮೈಕೈ ನೋವಲ್ಲೇ ಹೋಗತ್ತೆ." ಕೊನೆಯ ಮೂರು ಗಂಟೆಯಲ್ಲಿ ಅವಳ ಟೇಬಲ್ ದಾಟಿ ಹೋದ ಡಿಫೆಕ್ಟ್ ಪೀಸುಗಳೇ ಜಾಸ್ತಿ ಎಂದು ಕ್ವಾಲಿಟಿಯವರೇ ನನಗೆ ತೋರಿಸಿದರು. ತಪ್ಪು ಅವಳದು ಎಂದು ಮೆಮೊ ಕೊಡಲು ಹೊರಟಿದ್ದರು. ಹತ್ತು ಗಂಟೆ ಟ್ಯೂಬ್‌ಲೈಟ್ ಕೆಳಗೆ ಕೂತು ಅಳತೆಯ ಗೇಜ್ ಹಿಡಿದವಳ ಕಣ್ಣಿಗೆ ಎಷ್ಟು ಕಂಡೀತು? ಮೆಮೊ ನಿಲ್ಲಿಸಿದೆ.

ಮಾಲೀಕರು ಇಂಗ್ಲೆಂಡಿನ ಉದಾಹರಣೆ ಕೊಡುತ್ತಾರೆ. ಸರಿ, ನೋಡೋಣ. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳು, ಸುಮಾರು 2,900 ನೌಕರರು, ಆರು ತಿಂಗಳು ನಾಲ್ಕು ದಿನದ ವಾರದ ಪ್ರಯೋಗ ಮಾಡಿದರು. ಅಲ್ಲಿ ಕೆಲಸದ ಸಮಯವನ್ನೇ ಇಳಿಸಿದ್ದರು. ಸಂಬಳ ಪೂರ್ತಿ ಕೊಟ್ಟರು. ಮುಗಿದ ಮೇಲೂ 56 ಸಂಸ್ಥೆಗಳು ಮುಂದುವರಿಸಿದವು. ಐಸ್‌ಲ್ಯಾಂಡಿನಲ್ಲಿ 2015ರಿಂದ 2019ರವರೆಗೆ ನಡೆದದ್ದೂ ಅದೇ. 40 ಗಂಟೆಯಿಂದ 35-36ಕ್ಕೆ ಇಳಿಸಿದರು, ಸಂಬಳ ಮುಟ್ಟಲಿಲ್ಲ. ಎರಡೂ ಕಡೆ ಮುಖ್ಯವಾದದ್ದು ಗಂಟೆ ಮತ್ತು ಸಂಬಳ. ದಿನದ ಲೆಕ್ಕ ಆಮೇಲಿನದು.

ಗಂಟೆ ಇಳಿಸಲು ಒಪ್ಪಿದವರು ಮುಂದೆ ಕೇಳುವ ಪ್ರಶ್ನೆ: "ಕೆಲಸ ಕಮ್ಮಿ ಆದ್ರೆ ಸಂಬಳನೂ ಕಮ್ಮಿ ಅಲ್ವಾ ಸಾರ್?" 24,000 ರೂಪಾಯಿ ಪಡೆಯುವ ಆಪರೇಟರಿಗೆ 48ರಿಂದ 40 ಗಂಟೆ ಮಾಡಿ, ಅದೇ ಲೆಕ್ಕದಲ್ಲಿ ಸಂಬಳ ಕಡಿದರೆ 20,000 ಆಗುತ್ತದೆ. ಬಾಡಿಗೆ, ಸ್ಕೂಲ್ ಫೀಸು, ಚೀಟಿ ಕಂತು ಯಾವುದೂ ಇಳಿಯುವುದಿಲ್ಲ. ಉಳಿದ ಒಂದು ದಿನ ಅವನು ಡೆಲಿವರಿ ಗಾಡಿ ಓಡಿಸುತ್ತಾನೆ. ಅದು ವಿಶ್ರಾಂತಿಯೇ?

ಹಾಗಾದರೆ ದುಡ್ಡು ಎಲ್ಲಿಂದ? ನಿಮ್ಮದೇ ಮಿಷಿನ್ನಿಂದ. ಹಳೇ ಮಿಷಿನ್ನಲ್ಲಿ ಒಂದು ಪೀಸಿಗೆ ಆರು ನಿಮಿಷ ಎಂದುಕೊಳ್ಳಿ. ಗಂಟೆಗೆ 10, ವಾರಕ್ಕೆ 480. ಕಂಪ್ಯೂಟರ್ ಹೇಳಿದಂತೆ ಓಡುವ ಹೊಸ ಸಿಎನ್‌ಸಿ ಮಿಷಿನ್ ಬಂತು, ನಾಲ್ಕು ನಿಮಿಷ. ಗಂಟೆಗೆ 15, ವಾರಕ್ಕೆ 720. ಈಗ 40 ಗಂಟೆಗೆ ಇಳಿಸಿ: 600 ಪೀಸು. ಸಂಬಳ ಅಷ್ಟೇ ಕೊಟ್ಟರೂ ಮೊದಲಿಗಿಂತ 120 ಜಾಸ್ತಿ ನಿಮ್ಮ ಕೈಗೆ. 32 ಗಂಟೆಗೆ ಇಳಿಸಿದರೂ ಹಳೆಯ 480 ಬರುತ್ತದೆ.

ಇದು ಕಾಗದದ ಮೇಲಿನ ಲೆಕ್ಕ, ನಿಜ. ಟೂಲ್ ಬದಲಿಸುವುದು, ಸೆಟ್ಟಿಂಗು, ಕರೆಂಟು ಹೋಗುವುದು ಇವೆಲ್ಲ ಗಂಟೆ ತಿನ್ನುತ್ತವೆ. ಮಿಷಿನ್ ಸಾಲದ ಕಂತೂ ಇದೆ. ಹಾಗಾಗಿ 32 ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ 720 ಪೀಸನ್ನೂ ತಾನೇ ಇಟ್ಟುಕೊಂಡು, ಮಿಷಿನ್ ಕಲಿತು ಓಡಿಸಿದವನಿಗೆ ಏನೂ ಕೊಡದಿರುವುದು ಅನ್ಯಾಯ. "ಬೋನಸ್ ಕೊಡ್ತೀವಲ್ಲ" ಎನ್ನುತ್ತಾರೆ. ಶೇ 8.33ರ ಕನಿಷ್ಠ ಬೋನಸ್ ಕಾನೂನಿನಲ್ಲೇ ಇದೆ, ನಷ್ಟವಾದ ವರ್ಷವೂ ಕೊಡಬೇಕು. ಹೊಸ ಮಿಷಿನ್ನಿನ ಲಾಭದ ಪಾಲು ಅದರಲ್ಲಿ ಸೇರಿಲ್ಲ.

ಐಟಿ ಕಡೆ ಕಥೆ ಬೇರೆ. ಅಲ್ಲಿ ಎಷ್ಟೋ ಕಡೆ ದುಡಿದ ಗಂಟೆಯನ್ನು ಸರಿಯಾಗಿ ಬರೆದಿಡುವವರೇ ಇಲ್ಲ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಒಪ್ಪಂದ ಮಾಡುವವರು ದಯವಿಟ್ಟು ಮೊದಲ ಸಾಲಿನಲ್ಲೇ ವಾರದ ಒಟ್ಟು ಗಂಟೆ ಬರೆಯಿರಿ. ಎರಡನೇ ಸಾಲಿನಲ್ಲಿ ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಇಳಿಯುವುದಿಲ್ಲ ಎಂದು ಬರೆಯಿರಿ. ಪೀಸಿನ ಲೆಕ್ಕವನ್ನು ಸೂಪರ್‌ವೈಸರ್ ಜೊತೆ ಕಾರ್ಮಿಕರ ಪ್ರತಿನಿಧಿಯೂ ನೋಡಲಿ. ಆರು ತಿಂಗಳಿಗೆ ಕೂತು ಪರಿಶೀಲಿಸಿ. ಮೇಲೆ ಹೇಳಿದ ಪೀಣ್ಯದ ಮಾಲೀಕರು ಕೊನೆಗೆ 44 ಗಂಟೆಗೆ ಒಪ್ಪಿದ್ದಾರೆ. ಐದು ದಿನ ಎಂಟು ಗಂಟೆ, ಶನಿವಾರ ಅರ್ಧ ದಿನ, ಸಂಬಳ ಅಷ್ಟೇ. ಡಿಸ್ಪ್ಯಾಚ್ ವಿಭಾಗಕ್ಕೆ ಶನಿವಾರ ಮಧ್ಯಾಹ್ನವೇ ಲಾರಿ ಬರುವುದರಿಂದ ಅವರಿಗೆ ಅರ್ಧ ದಿನ ಯಾವಾಗ ಕೊಡುವುದು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸೋಮವಾರ ಬೆಳಿಗ್ಗೆ ಕೊಡಿ ಎಂದು ಯೂನಿಯನ್ ಕೇಳುತ್ತಿದೆ. ನನಗೂ ಅದೇ ಸರಿ ಕಾಣುತ್ತದೆ.