ನಿಧಾನವಾಗಿ ಇಳಿಯುವ ಟೈರಿನ ಲೆಕ್ಕಾಚಾರ

ಕಾರಿನ ಒಂದೇ ಚಕ್ರಕ್ಕೆ ವಾರವಾರವೂ ಗಾಳಿ ತುಂಬಿಸಬೇಕಾಗಿ ಬಂದಾಗ ಸಿಗುವ ಸಲಹೆಗಳಲ್ಲಿ ತೀರ ಸಾಮಾನ್ಯವಾದದ್ದು, ‘ನೈಟ್ರೋಜನ್ ಹಾಕಿಸಿಬಿಡಿ, ಇಳಿಯುವುದಿಲ್ಲ’ ಎಂಬುದು. ಬರಿಯ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಎಂಬುದನ್ನು ಬದಿಗಿಟ್ಟರೂ, ಮೊಳೆ ಮಾಡಿದ ತೂತಾಗಲಿ ಸಡಿಲಗೊಂಡ ವಾಲ್ವ್ ಪಿನ್ನಾಗಲಿ ಒಂದು ಅನಿಲವನ್ನು ಬಿಟ್ಟು ಇನ್ನೊಂದನ್ನು ತಡೆಯುವುದಿಲ್ಲ. ಆ ಸಲಹೆಯಲ್ಲಿರುವ ಅಲ್ಪಸ್ವಲ್ಪ ಸತ್ಯವೆಲ್ಲ ರಬ್ಬರಿನ ಗುಣಕ್ಕೆ ಸಂಬಂಧಿಸಿದ್ದು.

ಯಾವ ತೂತೂ ಇಲ್ಲದ ಟೈರಿನಿಂದಲೂ ಗಾಳಿ ಹೊರಹೋಗುತ್ತಲೇ ಇರುತ್ತದೆ. ರಬ್ಬರ್ ಪೊರೆಯ ಮೂಲಕ ಬೇರೆ ಬೇರೆ ಅನಿಲಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ ಎಂದು ಫಿಲಡೆಲ್ಫಿಯಾದ ವೈದ್ಯ ಜಾನ್ ಮಿಚೆಲ್ 1831ರಲ್ಲೇ ತೋರಿಸಿದ್ದರು. ಅನಿಲವು ಮೊದಲು ರಬ್ಬರಿನಲ್ಲಿ ಕರಗಿ, ಅದರೊಳಗೆ ಹರಡಿ, ಆಚೆಯ ಮೇಲ್ಮೈಯಿಂದ ಹೊರಬೀಳುತ್ತದೆ ಎಂಬ ವಿವರಣೆಯನ್ನು 1866ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ಕೊಟ್ಟರು. ಅವರು ಗಾಳಿಯನ್ನು ರಬ್ಬರ್ ಪೊರೆಯ ಮೂಲಕ ನಿರ್ವಾತದೆಡೆಗೆ ಹಾಯಿಸಿದಾಗ, ಹೊರಬಂದ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ನೂರಕ್ಕೆ 21ರಿಂದ ಸುಮಾರು 41ಕ್ಕೆ ಏರಿತ್ತು. ರಬ್ಬರಿನ ಉದ್ದುದ್ದ ಅಣುಸರಪಳಿಗಳು ಸದಾ ಅಲುಗಾಡುತ್ತಿರುತ್ತವೆ. ಜಾತ್ರೆಯ ಜನಜಂಗುಳಿಯಲ್ಲಿ ಕ್ಷಣಮಾತ್ರ ತೆರೆಯುವ ಸಂದಿಗಳಲ್ಲಿ ನುಸುಳಿ ಮುಂದೆ ಸಾಗುವವನಂತೆ ಅನಿಲದ ಅಣುವೂ ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ, ತುಸು ಸಣ್ಣದಾದ ಆಕ್ಸಿಜನ್ ಅಣುವಿಗೆ ಆ ದಾರಿ ಹೆಚ್ಚು ಸಲೀಸು. 1937ರಲ್ಲಿ ಅಮೆರಿಕದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ರೂಪಿಸಿದ ಬ್ಯುಟೈಲ್ ರಬ್ಬರಿನಲ್ಲಿ ಸರಪಳಿಗಳು ಒತ್ತೊತ್ತಾಗಿ ಕೂರುವುದರಿಂದ ಅಂಥ ಸಂದಿಗಳು ಬಹಳ ಕಡಿಮೆ. ಇಂದಿನ ಟ್ಯೂಬ್‌ಲೆಸ್ ಟೈರಿನ ಒಳಪದರ ಅದೇ ಕುಲದ ರಬ್ಬರಿನದು. ಹಾಗಿದ್ದೂ ಟೈರಿನ ಒತ್ತಡ ತಿಂಗಳಿಗೆ ಸುಮಾರು ಒಂದು ಪಿಎಸ್‌ಐವರೆಗೆ (ಒತ್ತಡ ಅಳೆಯುವ ಮಾನ, ಚದರ ಇಂಚಿಗೆ ಇಷ್ಟು ಪೌಂಡ್ ಎಂದರ್ಥ) ಇಳಿಯುವುದು ಸಹಜ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 30 ಪಿಎಸ್‌ಐಗೆ ತುಂಬಿಸಿ ಒಂದು ವರ್ಷ ಇಟ್ಟು ನೋಡಿದ ಟೈರುಗಳಲ್ಲಿ ಗಾಳಿ ತುಂಬಿದವು ಸರಾಸರಿ 3.5, ನೈಟ್ರೋಜನ್ ತುಂಬಿದವು 2.2 ಪಿಎಸ್‌ಐ ಕಳೆದುಕೊಂಡವು. ಇಡೀ ವರ್ಷಕ್ಕೆ 1.3ರ ವ್ಯತ್ಯಾಸ, ಅದಕ್ಕಾಗಿ ಪ್ರತ್ಯೇಕ ಶುಲ್ಕ!

ಉಷ್ಣತೆಯೂ ಮೋಸ ಮಾಡುತ್ತದೆ. ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 33 ಪಿಎಸ್‌ಐ ತೋರಿಸಿದ ಟೈರು 15 ಡಿಗ್ರಿಯ ಮುಂಜಾನೆಗೆ ಒಂದಿಷ್ಟೂ ಗಾಳಿ ಸೋರದೆಯೇ ಸುಮಾರು 30ಕ್ಕೆ ಇಳಿದಿರುತ್ತದೆ. ಆದ್ದರಿಂದ ನಾಲ್ಕೂ ಚಕ್ರಗಳನ್ನು ತಣ್ಣಗಿರುವಾಗಲೇ ಅಳೆದು ಹೋಲಿಸಬೇಕು. ಎಲ್ಲವೂ ಒಂದೇ ಸಮನಾಗಿ ಇಳಿದಿದ್ದರೆ ಕಾರಣ ಹವೆಯ ಉಷ್ಣತೆ, ಒಂದು ಮಾತ್ರ ಹಿಂದೆ ಬಿದ್ದಿದ್ದರೆ ಅದು ಸೋರಿಕೆ.

ವಾರಕ್ಕೆ ಒಂದು ಪಿಎಸ್‌ಐ ಕಳೆದುಕೊಳ್ಳುವ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ನೀರಿನ ತೊಟ್ಟಿಗೆ ಅದ್ದಿ, ಒಂದು ಸುತ್ತು ತಿರುಗಿಸಿ, ‘ಪಂಕ್ಚರ್ ಇಲ್ಲ’ ಎಂದು ಹಿಂದಿರುಗಿಸುವುದು ಏಕೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಟೈರಿನ ಒಳಗಿನ ಜಾಗ ಸುಮಾರು 30 ಲೀಟರ್ ಎಂದಿಟ್ಟುಕೊಂಡರೆ, ಒಂದು ಪಿಎಸ್‌ಐ ಇಳಿಯಲು ಹೊರಹೋಗಬೇಕಾದದ್ದು ಹೊರಗಿನ ಒತ್ತಡದಲ್ಲಿ ಅಳೆದ ಸುಮಾರು ಎರಡು ಲೀಟರ್ ಗಾಳಿ. ಅದನ್ನು ವಾರದ ಆರು ಲಕ್ಷ ಸೆಕೆಂಡುಗಳಿಗೆ ಹಂಚಿದರೆ ಐದು ನಿಮಿಷಕ್ಕೆ ಒಂದೇ ಒಂದು ಘನ ಸೆಂಟಿಮೀಟರ್ ಬರುತ್ತದೆ. ಅರ್ಧ ನಿಮಿಷದ ನೋಟಕ್ಕೆ ಇದು ಸಿಕ್ಕುವುದು ಅದೃಷ್ಟದ ಮಾತು. ಟೈರಿಗೆ ಪೂರ್ತಿ ಗಾಳಿ ತುಂಬಿಸಿ, ಗಟ್ಟಿಯಾಗಿ ಕಲಸಿದ ಸೋಪಿನ ನೀರನ್ನು ವಾಲ್ವಿನ ಬಾಯಿಗೆ, ಅದರ ಬುಡಕ್ಕೆ, ರಿಮ್ಮಿನ ಎರಡೂ ಅಂಚುಗಳಿಗೆ ಮತ್ತು ನೆಲಕ್ಕೆ ತಾಗುವ ಪಟ್ಟಿಯುದ್ದಕ್ಕೂ ಹಚ್ಚಿ, ಐದಾರು ನಿಮಿಷ ಕಾಯಬೇಕು. ಸಣ್ಣ ಸೋರಿಕೆಯಲ್ಲಿ ಗುಳ್ಳೆಗಳು ಪುಟಿಯುವುದಿಲ್ಲ. ಒಂದೆಡೆ ಬಿಳಿಯ ನುಣ್ಣನೆಯ ನೊರೆ ಕಟ್ಟುತ್ತದೆ.

ನೊರೆ ವಾಲ್ವಿನ ಬಾಯಲ್ಲಿದ್ದರೆ ಪಿನ್ ಬದಲಿಸಿದರೆ ಸಾಕು, ಬುಡದಲ್ಲಿದ್ದರೆ ವಾಲ್ವನ್ನೇ ಬದಲಿಸಬೇಕು. ಹಳೆಯ ಅಲಾಯ್ ಚಕ್ರಗಳಲ್ಲಿ ರಿಮ್ಮಿನ ಅಂಚೇ ಹೆಚ್ಚಾಗಿ ತಪ್ಪಿತಸ್ಥ: ಟೈರಿನ ಬೀಡ್, ಅಂದರೆ ರಿಮ್ಮಿಗೆ ಒತ್ತಿಕೊಳ್ಳುವ ಗಟ್ಟಿ ಅಂಚು, ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಪುಡಿ ಬೆಳೆದು, ರಬ್ಬರನ್ನು ಲೋಹದಿಂದ ಕೂದಲೆಳೆಯಷ್ಟು ದೂರ ಸರಿಸಿರುತ್ತದೆ. ಟೈರು ಬಿಚ್ಚಿಸಿ, ಆ ಪುಡಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಸಿ, ಬೀಡ್ ಸೀಲರ್ ಹಚ್ಚಿಸಿ ಮತ್ತೆ ಕೂರಿಸುವುದೇ ಇದಕ್ಕೆ ಪರಿಹಾರ. ಮೊಳೆಯ ತೂತು ನಡುಪಟ್ಟಿಯಲ್ಲಿದ್ದು ಅದರ ಅಗಲ 6 ಮಿಲಿಮೀಟರ್ ಮೀರದಿದ್ದರೆ, ಒಳಗಿನಿಂದ ಹಾಕುವ, ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ನಿಲ್ಲುತ್ತದೆ, ಹೊರಗಿನಿಂದ ತುರುಕುವ ರಬ್ಬರ್ ಸ್ಟ್ರಿಪ್ಪನ್ನು ತಾತ್ಕಾಲಿಕವೆಂದೇ ತಿಳಿಯಬೇಕು. ಪ್ರತಿ ಸುತ್ತಿಗೂ ಬಾಗುವ ಪಕ್ಕದ ಗೋಡೆಯಲ್ಲಿ ತೂತಿದ್ದರೆ ಟೈರನ್ನೇ ಬದಲಿಸಬೇಕು.

ಇವೆಲ್ಲ ಮುಗಿದ ಮೇಲೂ ಅದೇ ಚಕ್ರ ಇಳಿಯುತ್ತಿದ್ದರೆ, ರಸ್ತೆಗುಂಡಿಯ ಹೊಡೆತಕ್ಕೆ ರಿಮ್ಮಿನ ಒಳಮಗ್ಗುಲಲ್ಲಿ ಬಿಟ್ಟಿರಬಹುದಾದ ಕೂದಲು ಬಿರುಕನ್ನು ಹುಡುಕಬೇಕು. ಅದು ಹೊರಗಿನಿಂದ ಕಾಣದಾದ್ದರಿಂದ ಚಕ್ರವನ್ನು ಕಳಚಿ ಹಿಂಬದಿಗೂ ಸೋಪಿನ ನೀರು ಹಚ್ಚಿ ನೋಡಬೇಕಾಗುತ್ತದೆ.