ಗಾರ್ಬೇಜ್ ಕಲೆಕ್ಟರ್ ಇದ್ದರೂ ಕನೆಕ್ಷನ್ ಅನ್ನು ನಾವೇ ಏಕೆ ಮುಚ್ಚಬೇಕು?

ಪ್ರಶ್ನೆ: ಜಾವಾದಲ್ಲಿ ಬೇಡವಾದ ಆಬ್ಜೆಕ್ಟ್‌ಗಳನ್ನು ಗಾರ್ಬೇಜ್ ಕಲೆಕ್ಟರ್ ತಾನೇ ಅಳಿಸುತ್ತದೆ. ಹಾಗಿದ್ದರೆ ಡೇಟಾಬೇಸ್ ಕನೆಕ್ಷನ್ ಮುಚ್ಚುವ ಸಾಲನ್ನು, ಆಬ್ಜೆಕ್ಟ್ ಅಳಿಯುವ ಮುಂಚೆ ಓಡುವ ಫೈನಲೈಜ್ ಮೆಥಡ್‌ನಲ್ಲಿ ಒಮ್ಮೆ ಬರೆದಿಟ್ಟರೆ ಸಾಲದೇ ಸರ್? ಪ್ರತಿ ಸಲವೂ ನಾವೇ ಏಕೆ ಮುಚ್ಚಬೇಕು?
— ತೀರ್ಥಹಳ್ಳಿಯ ಒಬ್ಬ ವಿದ್ಯಾರ್ಥಿನಿ

ಸಾಲದು. ಶಿವಮೊಗ್ಗದ ನನ್ನ ಸಂಜೆ ತರಗತಿಯಲ್ಲಿ ಈ ಪ್ರಶ್ನೆಗೆ ಪ್ರತಿ ವರ್ಷವೂ ಉತ್ತರ ಹೇಳುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ, ಪ್ರಾಜೆಕ್ಟ್ ತೋರಿಸುವ ದಿನ ಅದೇ ತಪ್ಪು ಮತ್ತೆ ಬಂದು ನಿಂತಿರುತ್ತದೆ. ಉತ್ತರ ಕಷ್ಟದ್ದೇನಲ್ಲ. ಅದರ ಹಿಂದಿರುವ ನಂಬಿಕೆ ಗಟ್ಟಿಯಾದದ್ದು. ಆಬ್ಜೆಕ್ಟ್ ಬೇಡವಾದ ಕ್ಷಣದಲ್ಲೇ ಕಲೆಕ್ಟರ್ ಬಂದು ಅದನ್ನು ಎತ್ತಿಕೊಳ್ಳುತ್ತದೆ, ಎತ್ತಿಕೊಳ್ಳುವ ಮುಂಚೆ ಅದರ ಕೊನೆಯ ಕೆಲಸವನ್ನು ಮಾಡಿಸುತ್ತದೆ ಎಂಬುದೇ ಆ ನಂಬಿಕೆ. ಆದ್ದರಿಂದ ಈ ಸಲ ಅದನ್ನು ಬುಡದಿಂದಲೇ ನೋಡೋಣ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳು ನಮ್ಮ ಕಡೆಯ ಒಂದು ಸಹಕಾರ ಸಂಘಕ್ಕೆ ಅಡಿಕೆ ತೂಕದ ಚೀಟಿ ದಾಖಲಿಸುವ ಪ್ರೋಗ್ರಾಂ ಬರೆದುಕೊಟ್ಟರು. ರಾಶಿ, ಬೆಟ್ಟೆ, ಗೊರಬಲು ಎಂದು ಬಗೆ ಆರಿಸಿ, ತೂಕ ಒತ್ತಿದರೆ ಚೀಟಿ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸೇರುತ್ತಿತ್ತು. ಪ್ರತಿ ಚೀಟಿಗೂ ಒಂದು ಕನೆಕ್ಷನ್ ತೆರೆಯುತ್ತಿತ್ತು. ಮುಚ್ಚುವ ಸಾಲು ಫೈನಲೈಜ್ ಒಳಗಿತ್ತು. ತರಗತಿಯಲ್ಲಿ ಮೂವತ್ತು ಚೀಟಿ ಹಾಕಿ ತೋರಿಸಿದಾಗ ಎಲ್ಲವೂ ಸರಿಯಾಗಿತ್ತು. ಸಂಘದಲ್ಲಿ ಮಾತ್ರ ಒಂದೊಂದು ದಿನ ಮಧ್ಯಾಹ್ನದ ಹೊತ್ತಿಗೆ ನಿಂತುಹೋಗುತ್ತಿತ್ತು. ಮೆಮೊರಿ ಸಾಲದಾಗಿರಬೇಕೆಂದು ಊಹಿಸಿ ಹುಡುಗರು ಹೀಪನ್ನು, ಅಂದರೆ ಆಬ್ಜೆಕ್ಟ್‌ಗಳಿಗೆಂದು ಇಟ್ಟ ಮೆಮೊರಿಯನ್ನು, 512 ಎಂಬಿಯಿಂದ 2 ಜಿಬಿಗೆ ಏರಿಸಿದರು. ಅಂದಿನಿಂದ ಅದು ಪ್ರತಿ ದಿನವೂ, ತಪ್ಪದೆ, 98ನೇ ಚೀಟಿಗೆ ನಿಲ್ಲತೊಡಗಿತು.

ಈ 98 ಎಲ್ಲಿಂದ ಬಂತು? ಪೋಸ್ಟ್‌ಗ್ರೆಸ್ ತನ್ನ ಮೂಲ ಹೊಂದಿಕೆಯಲ್ಲಿ ಏಕಕಾಲಕ್ಕೆ 100 ಕನೆಕ್ಷನ್ ಕೊಡುತ್ತದೆ; ಅದರಲ್ಲಿ 3 ಮೇಲ್ವಿಚಾರಕನಿಗೆ ಮೀಸಲು, ಉಳಿದವರಿಗೆ ಸಿಗುವುದು 97. ಹೀಪ್ ಚಿಕ್ಕದಿದ್ದಾಗ ಅದು ಆಗಾಗ ತುಂಬುತ್ತಿತ್ತು, ಕಲೆಕ್ಟರ್ ಓಡುತ್ತಿತ್ತು, ಅದರ ಬೆನ್ನಿಗೆ ಕೆಲವು ಫೈನಲೈಜ್‌ಗಳೂ ಓಡಿ ಹಳೆಯ ಕನೆಕ್ಷನ್‌ಗಳು ಮುಚ್ಚುತ್ತಿದ್ದವು. ಹೀಪ್ ದೊಡ್ಡದಾದ ಮೇಲೆ ಇಡೀ ಬೆಳಗ್ಗೆ ಕಲೆಕ್ಟರ್‌ಗೆ ಕೆಲಸವೇ ಬೀಳಲಿಲ್ಲ. ಮೆಮೊರಿ ಧಾರಾಳವಾಗಿತ್ತು, ಮುಗಿದದ್ದು ಕನೆಕ್ಷನ್. ಕಲೆಕ್ಟರ್ ಹೀಪನ್ನು ಬಲ್ಲುದೇ ಹೊರತು ಡೇಟಾಬೇಸಿನ ಲೆಕ್ಕವನ್ನು ಬಲ್ಲುದಲ್ಲ.

ಇದು ಜಾವಾದ ದೋಷವೂ ಅಲ್ಲ, ಇತ್ತೀಚಿನ ಸಂಗತಿಯೂ ಅಲ್ಲ. 1960ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲೇ, ಖಾಲಿ ಜಾಗದ ಪಟ್ಟಿ ಮುಗಿದಾಗ ಮಾತ್ರ ಈ ಕೆಲಸ ಶುರುವಾಗುತ್ತದೆ ಎಂದಿದೆ. ಆಗ ಬಳಕೆಯಲ್ಲಿರುವ ವೇರಿಯಬಲ್‌ಗಳಿಂದ ಹೊರಟು, ಕೈಗೆ ಸಿಗುವ ಪ್ರತಿಯೊಂದು ಆಬ್ಜೆಕ್ಟಿಗೂ ಗುರುತು ಹಾಕುತ್ತ ಹೋಗಿ, ಗುರುತು ಬೀಳದ ಜಾಗವನ್ನೆಲ್ಲ ಮರಳಿ ಪಟ್ಟಿಗೆ ಸೇರಿಸಲಾಗುತ್ತದೆ. ಅಂದರೆ ಕಲೆಕ್ಟರ್ ಹುಡುಕುವುದು ಬದುಕಿರುವುದನ್ನು.

ನಕಲು ಮಾಡುವ ಬಗೆಯ ಕಲೆಕ್ಟರ್‌ಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಹಂಚಿನ ಮನೆಯಿಂದ ಹೊಸ ಮನೆಗೆ ಹೋಗುವವರು ಮೆತ್ತಿನ ಮೇಲಿನ ಪ್ರತಿಯೊಂದು ಹರಕು ಕಂಬಳಿಯನ್ನೂ ಮುರುಕು ಬುಟ್ಟಿಯನ್ನೂ ಕೈಗೆತ್ತಿಕೊಂಡು ಇದು ಬೇಡ, ಅದು ಬೇಡ ಎಂದು ಹೇಳುತ್ತ ಕೂರುವುದಿಲ್ಲ. ಬೇಕಾದ ಹಂಡೆ, ಪಾತ್ರೆ, ಪೆಟ್ಟಿಗೆಗಳನ್ನು ಸಾಗಿಸುತ್ತಾರೆ. ಉಳಿದದ್ದರ ಸಮೇತ ಹಳೆಯ ಮನೆಯನ್ನು ಕೆಡವುತ್ತಾರೆ. ನಕಲು ಕಲೆಕ್ಟರ್ ಮಾಡುವುದು ಇದನ್ನೇ, ಅದರ ವೇಗದ ಗುಟ್ಟೂ ಇದೇ: ಸತ್ತದ್ದು ಎಷ್ಟೇ ಇರಲಿ, ಅದಕ್ಕಾಗಿ ಹೊತ್ತು ಖರ್ಚಾಗುವುದಿಲ್ಲ. ಈಗ ಆ ಹಳೆಯ ಮನೆಯ ಬಚ್ಚಲಿನಲ್ಲಿ ಅಬ್ಬಿ ನೀರಿನ ನಲ್ಲಿ ತೆರೆದೇ ಉಳಿದಿದೆ ಎಂದುಕೊಳ್ಳಿ. ಸಾಮಾನು ಹೊತ್ತು ಹೋದವರ ಕಣ್ಣಿಗೆ ಅದು ಬೀಳಲೇ ಇಲ್ಲ. ಅವರು ಬಚ್ಚಲಿಗೆ ಕಾಲಿಡಲಿಲ್ಲ. ಗುಡ್ಡದಿಂದ ಇಳಿದ ನೀರು ಸುಮ್ಮನೆ ಹರಿದುಹೋಗುತ್ತಲೇ ಇರುತ್ತದೆ. ನಿಮ್ಮ ಕನೆಕ್ಷನ್ ಆ ನಲ್ಲಿ.

ಹಾಗಾದರೆ ಫೈನಲೈಜ್ ಎಂಬುದು ಓಡುವುದಾದರೂ ಹೇಗೆ? ಅದಿರುವ ಆಬ್ಜೆಕ್ಟ್‌ಗಳು ಹುಟ್ಟಿದಾಗಲೇ ಅವುಗಳ ಹೆಸರನ್ನು, ಜಾವಾ ಪ್ರೋಗ್ರಾಂ ಓಡಿಸುವ ವರ್ಚುವಲ್ ಮಷೀನ್ ಬೇರೆ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ಸುತ್ತು ಮುಗಿದ ಮೇಲೆ ಆ ಪಟ್ಟಿಯನ್ನು ತೆರೆದು, ಯಾವುದು ಗುರುತಿಲ್ಲದೆ ಉಳಿಯಿತೆಂದು ನೋಡಿ, ಅದನ್ನೂ ಅದರಿಂದ ತಲುಪಬಹುದಾದ ಎಲ್ಲವನ್ನೂ ಪುನಃ ಉಳಿಸಿಕೊಂಡು, ಸಾಲಿನಲ್ಲಿ ನಿಲ್ಲಿಸಬೇಕು. ಬೇರೊಂದು ಥ್ರೆಡ್ ತನಗೆ ಬಿಡುವಾದಾಗ ಒಂದೊಂದನ್ನೇ ಓಡಿಸುತ್ತದೆ. ಜಾಗ ಬಿಡುಗಡೆಯಾಗುವುದು ಅದರ ಮುಂದಿನ ಯಾವುದೋ ಸುತ್ತಿನಲ್ಲಿ. ಬೇಗ ಅಳಿಯಲೆಂದು ಫೈನಲೈಜ್ ಬರೆದವರು ಆಬ್ಜೆಕ್ಟಿನ ಆಯುಷ್ಯವನ್ನು ಹೆಚ್ಚಿಸಿರುತ್ತಾರೆ. ಜಾವಾದ ಕರ್ತೃಗಳೇ 2017ರಲ್ಲಿ, 9ನೇ ಆವೃತ್ತಿಯಲ್ಲಿ, ಇದನ್ನು ಬಳಸಬೇಡಿ ಎಂದರು. 2022ರ 18ನೇ ಆವೃತ್ತಿಯಲ್ಲಿ ಮುಂದೆ ತೆಗೆದೇ ಹಾಕುತ್ತೇವೆ ಎಂದೂ ಪ್ರಕಟಿಸಿದರು. ಸಿಸ್ಟಂ.ಜಿಸಿ ಎಂದು ಕರೆದರಾಯಿತಲ್ಲ ಎನ್ನುವವರಿಗೂ ಹೇಳಿಬಿಡುತ್ತೇನೆ: ಅದು ಬರೀ ವಿನಂತಿ, ಮಷೀನ್ ಅದನ್ನು ನಡೆಸಿಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ವೇರಿಯಬಲ್‌ಗೆ ನಲ್ ಇಡುವುದರಿಂದಲೂ ಏನೂ ಮುಚ್ಚುವುದಿಲ್ಲ.

ಇಷ್ಟು ಹೇಳಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ: ಪೈಥಾನ್‌ನಲ್ಲಿ ಫೈಲ್ ತಕ್ಷಣವೇ ಮುಚ್ಚುತ್ತದಲ್ಲ ಸರ್? ಒಳ್ಳೆಯ ಪ್ರಶ್ನೆ. ನಂಬಿಕೆ ಬೇರೂರುವುದು ಇಲ್ಲಿಯೇ. ನಾವೆಲ್ಲ ಬಳಸುವ ಸಿಪೈಥಾನ್ ಪ್ರತಿ ಆಬ್ಜೆಕ್ಟಿನ ಮೇಲೂ ಅದನ್ನು ಹಿಡಿದಿರುವವರು ಎಷ್ಟು ಮಂದಿ ಎಂಬ ಎಣಿಕೆ ಇಡುತ್ತದೆ. ಎಣಿಕೆ ಸೊನ್ನೆಯಾದೊಡನೆ ಅಳಿಸುತ್ತದೆ. ಈ ವಿಧಾನವನ್ನು ಜಾರ್ಜ್ ಕಾಲಿನ್ಸ್ ಅದೇ 1960ರಲ್ಲಿ ಪ್ರಕಟಿಸಿದ್ದರು. ಆದರೆ ಎರಡು ಆಬ್ಜೆಕ್ಟ್‌ಗಳು ಪರಸ್ಪರ ಹಿಡಿದುಕೊಂಡರೆ ಎಣಿಕೆ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಅಂಥ ಸುತ್ತುಗಳನ್ನು ಬಿಡಿಸಲು ಸಿಪೈಥಾನ್‌ಗೂ 2000ದಲ್ಲಿ, 2.0 ಆವೃತ್ತಿಯಲ್ಲಿ, ಪ್ರತ್ಯೇಕ ಕಲೆಕ್ಟರ್ ಬೇಕಾಯಿತು. ಅದೇ ಪ್ರೋಗ್ರಾಮನ್ನು, ಪೈಥಾನ್‌ನ ಇನ್ನೊಂದು ರೂಪವಾದ, ಎಣಿಕೆ ಇಡದ ಪೈಪೈನಲ್ಲಿ ಓಡಿಸಿದರೆ ಫೈಲ್ ಯಾವಾಗಲೋ ಮುಚ್ಚುತ್ತದೆ. ಪೈಥಾನ್ ಭಾಷೆಯ ಕೈಪಿಡಿ ತಕ್ಷಣ ಅಳಿಸುವ ಮಾತನ್ನು ಎಲ್ಲಿಯೂ ಕೊಟ್ಟಿಲ್ಲ. ತಡಮಾಡಬಹುದು, ಮಾಡದೆಯೂ ಇರಬಹುದು ಎಂದೇ ಬರೆದಿದೆ.

ಮಾಡಬೇಕಾದದ್ದು ಸರಳ. ಜಾವಾದಲ್ಲಿ 2011ರ 7ನೇ ಆವೃತ್ತಿಯಿಂದ ಟ್ರೈ-ವಿತ್-ರಿಸೋರ್ಸಸ್ ಇದೆ, ಪೈಥಾನ್‌ನಲ್ಲಿ ವಿತ್ ಇದೆ, ಸಿ ಶಾರ್ಪ್‌ನಲ್ಲಿ ಯೂಸಿಂಗ್ ಇದೆ. ಕನೆಕ್ಷನ್ ತೆರೆಯುವುದನ್ನು ಆ ಆವರಣದೊಳಗೆ ಬರೆಯಿರಿ. ಕೋಡ್ ಹೊರಬರುವಾಗ, ನಡುವೆ ಎಕ್ಸೆಪ್ಷನ್ ಬಂದರೂ, ಅದು ಮುಚ್ಚುತ್ತದೆ. ಹುಡುಗರು ಮೂರು ಸಾಲು ತಿದ್ದಿದ ಮೇಲೆ ಸಂಘದ ಪ್ರೋಗ್ರಾಂ ದಿನವಿಡೀ ಒಂದು ಸಲಕ್ಕೆ ಒಂದೇ ಒಂದು ಕನೆಕ್ಷನ್‌ನಲ್ಲಿ ನಡೆಯಿತು. ಹೀಪನ್ನು ನಾನೇ ಮತ್ತೆ 512ಕ್ಕೆ ಇಳಿಸಿದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ವರ್ಚುವಲ್ ಮಷೀನ್ ಕಟ್ಟುವವರನ್ನು ಹೆಚ್ಚು ಕಾಡಿದ್ದು ಇದು. ಫೈನಲೈಜ್ ಓಡುವಾಗ ಆಬ್ಜೆಕ್ಟ್ ತನ್ನನ್ನೇ ಯಾವುದೋ ಜಾಗತಿಕ ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ? ಸತ್ತದ್ದೆಂದು ತೀರ್ಮಾನವಾದದ್ದು ಮತ್ತೆ ಬದುಕುತ್ತದೆ. ಜಾವಾ ಇದನ್ನು ತಡೆಯುವುದಿಲ್ಲ. ಆದರೆ ಅದೇ ಆಬ್ಜೆಕ್ಟ್ ಎರಡನೆಯ ಸಲ ಸತ್ತಾಗ ಫೈನಲೈಜ್ ಓಡಿಸುವುದಿಲ್ಲ. ಪರಸ್ಪರ ಹಿಡಿದುಕೊಂಡ ಎರಡರಲ್ಲಿ ಯಾವುದರ ಕೊನೆಯ ಕೆಲಸ ಮೊದಲು ನಡೆಯಬೇಕು ಎಂಬುದು ಇನ್ನೂ ತೊಡಕಿನದು. 3.4ಕ್ಕಿಂತ ಹಿಂದಿನ ಪೈಥಾನ್, ಅಂಥ ಸುತ್ತಿನಲ್ಲಿ ಫೈನಲೈಜ್‌ನಂಥದೇ ಆದ ಡೆಲ್ ಮೆಥಡ್ ಕಂಡರೆ ಯಾವ ನಿರ್ಧಾರಕ್ಕೂ ಹೋಗದೆ ಅವನ್ನು ಅಳಿಸದೆಯೇ ಒಂದು ಪಟ್ಟಿಯಲ್ಲಿ ಬಿಟ್ಟುಬಿಡುತ್ತಿತ್ತು; 2014ರಲ್ಲಿ ಅದು ಸರಿಹೋಯಿತು.

ಜಾವಾದ ಹೊಸ ಕ್ಲೀನರ್ ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸುತ್ತದೆ. ಮುಚ್ಚುವ ಕೆಲಸವನ್ನು ಆಬ್ಜೆಕ್ಟಿನಿಂದ ಬೇರ್ಪಡಿಸಿ ಇನ್ನೊಂದು ಚಿಕ್ಕ ಆಬ್ಜೆಕ್ಟಿಗೆ ಒಪ್ಪಿಸುತ್ತದೆ. ಅದರ ಕೈಗೆ ಮೂಲ ಆಬ್ಜೆಕ್ಟ್ ಸಿಗುವುದೇ ಇಲ್ಲವಾದ್ದರಿಂದ ಮರುಹುಟ್ಟು ಸಾಧ್ಯವಿಲ್ಲ. ಅದನ್ನು ನೀವು ಮರೆತಾಗಿನ ಆಸರೆಯಾಗಿ ಮಾತ್ರ ಇಟ್ಟುಕೊಳ್ಳಿ, ಏಕೆಂದರೆ ಅದೂ ಕಲೆಕ್ಟರ್ ಓಡುವವರೆಗೆ ಕಾಯುತ್ತದೆ. ಬಳಸುವುದಾದರೆ ಆ ಚಿಕ್ಕ ಕ್ಲಾಸಿನ ಮುಂದೆ ಸ್ಟ್ಯಾಟಿಕ್ ಎಂಬ ಪದ ಇದೆಯೇ ಎಂದು ಇಂದೇ ನೋಡಿ. ಇಲ್ಲದಿದ್ದರೆ ಅದು ಒಳಗೊಳಗೇ ಹೊರಗಿನ ಆಬ್ಜೆಕ್ಟನ್ನು ಹಿಡಿದುಕೊಳ್ಳುವ ಸಂಭವವಿದೆ. ಹಾಗೆ ಹಿಡಿದುಕೊಂಡರೆ ಕಲೆಕ್ಟರ್ ನೂರು ಸುತ್ತು ಬಂದರೂ ಆ ಕನೆಕ್ಷನ್ ಮುಚ್ಚುವುದಿಲ್ಲ.